ಗಾಲಿಗಳೊಡನೆ ಗಗನಯಾನ, ಸಾಗರಯಾನ

ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ರೂಢಿ. ಆದರೆ ನಡೆಯಲು ಶಕ್ತಿಯಿಲ್ಲದವನಿಗೆ ಈ ಅಳತೆ ಪೂರ್ಣವಾಗಿ ಹೊಂದುವುದಿಲ್ಲ. ಗೋಕಾಕದಿಂದ ಬೆಂಗಳೂರಿನವರೆಗಿನ ನೂರಾರು ಕಿಲೋಮೀಟರುಗಳು ಅವನಿಗೆ ಕಷ್ಟವೆನಿಸದೆ ಇರಬಹುದು. ಬಸ್ಸಿನ ಮೂರು ಮೆಟ್ಟಿಲು, ರೈಲುಗಾಡಿಯ ಬಾಗಿಲು, ವಿಮಾನದ ಏಣಿ, ಹಡಗಿನ ಹೊಸ್ತಿಲು, ಇವೇ ಕಷ್ಟವಾಗುತ್ತವೆ. ವಾಹನವು ಚಲಿಸುತ್ತಿರುವಾಗ ಎಲ್ಲ ಪ್ರಯಾಣಿಕರೂ ಸಮಾನರು. ಹತ್ತುವಾಗ ಮತ್ತು ಇಳಿಯುವಾಗ ಮಾತ್ರ ಭೇದವು ಗೋಚರಿಸುತ್ತದೆ.

ಈ ಭೇದವನ್ನು ಕಡಿಮೆ ಮಾಡಲು ಹುಟ್ಟಿಕೊಂಡ ಸಾಧನಗಳಲ್ಲಿ ‘ಮೊಬಿಲಿಟಿ ಸ್ಕೂಟರ್’ ಎಂಬುದೂ ಒಂದು. ಹೆಸರಿನಲ್ಲಿ ಸ್ಕೂಟರ್ ಇದ್ದರೂ ಇದು ರಸ್ತೆಯ ಮೇಲೆ ಓಡುವ ಪೆಟ್ರೋಲ್ ಸ್ಕೂಟರ್ ಅಲ್ಲ. ಮೂರು ಅಥವಾ ನಾಲ್ಕು ಪುಟ್ಟ ಗಾಲಿಗಳು, ಕಾಲಿಡಲು ಒಂದು ಹಲಗೆ, ಕುಳಿತುಕೊಳ್ಳಲು ಆಸನ, ಮುಂದೆ ತಿರುಗಿಸಲು ಹಿಡಿಕೆ, ಆಸನದ ಕೆಳಗೆ ಬ್ಯಾಟರಿ ಮತ್ತು ಮೋಟಾರು: ಇಷ್ಟೇ ಇದರ ರಚನೆ. ವೇಗವು ಚುರುಕಾಗಿ ನಡೆಯುವವನ ವೇಗಕ್ಕಿಂತ ಹೆಚ್ಚೇನೂ ಇರುವುದಿಲ್ಲ. ನಾಲ್ಕು ಹೆಜ್ಜೆ ಇಡಬಲ್ಲ, ಆದರೆ ನಾನೂರು ಹೆಜ್ಜೆ ಇಡಲಾರದ ವೃದ್ಧರು, ಸಂಧಿವಾತದಿಂದ ಬಳಲುವವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಬಾಲ್ಯದಲ್ಲಿ ಪೋಲಿಯೋಗೆ ತುತ್ತಾದವರು ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಇದರ ಇತಿಹಾಸ ದೀರ್ಘವಾದುದಲ್ಲ. ಗಣಿಯ ಅಪಘಾತದಲ್ಲಿ ನಡಿಗೆಯನ್ನು ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬಾತನೂ ಅವನ ಗೆಳೆಯನಾದ ಹ್ಯಾರಿ ಜೆನ್ನಿಂಗ್ಸ್ ಎಂಬ ಎಂಜಿನಿಯರನೂ ಸೇರಿ 1933ರಲ್ಲಿ ಅಮೆರಿಕದಲ್ಲಿ ಮಡಚಬಹುದಾದ ಉಕ್ಕಿನ ಗಾಲಿಕುರ್ಚಿಯನ್ನು ನಿರ್ಮಿಸಿದರು. ಮೋಟಾರು ಕಾರಿನಲ್ಲಿ ಇಟ್ಟು ಒಯ್ಯಬಹುದಾದ ಕುರ್ಚಿ ಬೇಕೆಂಬುದೇ ಅವರ ಉದ್ದೇಶವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ವಿದ್ಯುತ್ ಚಾಲಿತ ಗಾಲಿಕುರ್ಚಿಯನ್ನು ರೂಪಿಸಿದನು. 1968ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಅಲನ್ ಥೀಮ್ ಎಂಬ ಕೊಳಾಯಿ ಕೆಲಸಗಾರನು, ನರಗಳ ವ್ಯಾಧಿಯಿಂದ ಬಳಲುತ್ತಿದ್ದ ತನ್ನ ಕುಟುಂಬದವರೊಬ್ಬರಿಗಾಗಿ ಮೊದಲ ಮೊಬಿಲಿಟಿ ಸ್ಕೂಟರನ್ನು ತಯಾರಿಸಿದನು. ಈ ನಾಲ್ವರಲ್ಲಿ ಯಾರೂ ಮಾರುಕಟ್ಟೆಯನ್ನು ನೋಡಿ ಕೆಲಸಕ್ಕೆ ಕೈ ಹಾಕಿದವರಲ್ಲ. ಕಣ್ಣೆದುರಿಗಿದ್ದ ಒಂದು ಕಷ್ಟವನ್ನು ನೋಡಿದವರು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೊಂದು ಬಗೆಯ ವಾಹನ. ಪೆಟ್ರೋಲ್ ಸ್ಕೂಟರಿನ ಹಿಂಬದಿಗೆ ಎರಡು ಹೆಚ್ಚಿನ ಗಾಲಿಗಳನ್ನು ಜೋಡಿಸಿ ವಿಕಲಚೇತನರಿಗೆ ಒದಗಿಸುವ ಯೋಜನೆ ರಾಜ್ಯದಲ್ಲಿ ಉಂಟು. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾದ ಕೃತಕಾಂಗ ನಿರ್ಮಾಣ ನಿಗಮವು ತಯಾರಿಸುವ ಮೂರು ಗಾಲಿಯ ಸೈಕಲ್ಲುಗಳೂ ಬ್ಯಾಟರಿಯಿಂದ ಓಡುವ ತ್ರಿಚಕ್ರಿಗಳೂ ಕೇಂದ್ರ ಸರ್ಕಾರದ ಯೋಜನೆಯ ಮೂಲಕ ಹಳ್ಳಿಗಳನ್ನು ತಲುಪಿವೆ. ಊರಿನೊಳಗಿನ ಓಡಾಟಕ್ಕೆ, ಸಂತೆಗೆ, ಕಚೇರಿಗೆ ಇವು ತುಂಬ ಉಪಯುಕ್ತವಾದವು. ಆದರೆ ಪೆಟ್ರೋಲ್ ತುಂಬಿದ ವಾಹನವು ಪ್ರಯಾಣಿಕನ ಸಾಮಾನಿನೊಡನೆ ವಿಮಾನವನ್ನು ಏರಲಾರದು. ದೊಡ್ಡ ತ್ರಿಚಕ್ರಿಯನ್ನು ಮಡಚಲು ಬಾರದು. ಆದುದರಿಂದ ದೂರ ಪ್ರಯಾಣಕ್ಕೆ ಹೊರಟವರು ಹಗುರವಾದ, ಬಿಡಿಬಿಡಿಯಾಗಿ ಕಳಚಬಹುದಾದ ಅಥವಾ ಮಡಚಬಹುದಾದ ಬ್ಯಾಟರಿ ಸ್ಕೂಟರನ್ನೋ ಗಾಲಿಕುರ್ಚಿಯನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಗೋಕಾಕದ ಗೊಂಬೆಗಾರರು ಹಗುರವಾದ ಮರವನ್ನೇ ಹುಡುಕುವಂತೆ, ಇಂತಹ ಸ್ಕೂಟರ್ ತಯಾರಿಸುವವರು ಅಲ್ಯೂಮಿನಿಯಮ್ ಮೊದಲಾದ ಹಗುರ ಲೋಹಗಳನ್ನು ಬಳಸುತ್ತಾರೆ. ಪ್ರಯಾಣಕ್ಕೆಂದೇ ಮಾಡಿದ ಸ್ಕೂಟರ್ 20ರಿಂದ 30 ಕಿಲೋಗ್ರಾಂ ತೂಗಿದರೆ, ಹೊರಾಂಗಣದ ದೊಡ್ಡ ಸ್ಕೂಟರ್ ನೂರು ಕಿಲೋಗ್ರಾಮನ್ನೂ ಮೀರಬಹುದು.

ಮೂಡಲಗಿಯ ಒಬ್ಬ ಅಜ್ಜಿ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದಾಳೆಂದು ಇಟ್ಟುಕೊಳ್ಳಬಹುದು. ಅವಳ ಮುಂದೆ ಎರಡು ದಾರಿಗಳಿವೆ. ಲೋಂಡಾ–ಮಿರಜ ರೈಲುಮಾರ್ಗದ ಮೇಲಿರುವ ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರ ನಿಲ್ದಾಣಗಳು ಈ ಭಾಗದ ಜನರಿಗೆ ಹಳೆಯ ಹೆಬ್ಬಾಗಿಲುಗಳು. ಎರಡನೆಯದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ. 1942ರಲ್ಲಿ ಯುದ್ಧಕಾಲದ ಅಗತ್ಯಕ್ಕಾಗಿ ಸಿದ್ಧವಾದ ಈ ನಿಲ್ದಾಣಕ್ಕೆ 2017ರಲ್ಲಿ ಹೊಸ ಕಟ್ಟಡ ಬಂದಿತು. ವಿಮಾನವು ಅವಳನ್ನು ಬೆಂಗಳೂರಿಗೆ ಮುಟ್ಟಿಸಲು ಹಿಡಿಯುವ ಕಾಲಕ್ಕಿಂತ ಮೂಡಲಗಿಯಿಂದ ಸಾಂಬ್ರಾಕ್ಕೆ ಬರುವ ಕಾಲವೇ ಹೆಚ್ಚಾಗುವ ಸಂಭವವುಂಟು. ಆದರೂ ರಾತ್ರಿಯಿಡೀ ಕುಳಿತು ಅಥವಾ ಮಲಗಿ ಹೋಗಲಾರದ ದೇಹಕ್ಕೆ ವಿಮಾನವು ಒಂದು ದೊಡ್ಡ ಅನುಕೂಲ.

ಅವಳ ಪ್ರಯಾಣದ ಸಿದ್ಧತೆ ಪೆಟ್ಟಿಗೆ ಕಟ್ಟುವುದರಿಂದ ಆರಂಭವಾಗುವುದಿಲ್ಲ. ಬ್ಯಾಟರಿಯ ಮೇಲೆ ಬರೆದಿರುವ ಅಂಕಿಗಳನ್ನು ಓದುವುದರಿಂದ ಆರಂಭವಾಗುತ್ತದೆ. ವಿಮಾನದಲ್ಲಿ ಅತ್ಯಂತ ಭಯಾನಕವಾದುದು ಬೆಂಕಿ. ಲಿಥಿಯಮ್ ಬ್ಯಾಟರಿಯೊಳಗೆ ಅನೇಕ ಸಣ್ಣ ಕೋಶಗಳಿರುತ್ತವೆ. ಪೆಟ್ಟು ಬಿದ್ದೋ ತುದಿಗಳು ಪರಸ್ಪರ ತಗುಲಿಯೋ ಒಂದು ಕೋಶವು ಮಿತಿಮೀರಿ ಕಾದರೆ, ಆ ಕಾವು ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಹತ್ತಿದ ಬೆಂಕಿಯನ್ನು ಸುಲಭವಾಗಿ ಆರಿಸಲಾಗದು. ಪ್ರಯಾಣಿಕರು ಕುಳಿತಿರುವ ಕೋಣೆಯಲ್ಲಿ ಹೊಗೆ ಎದ್ದರೆ ಸಿಬ್ಬಂದಿ ಕೂಡಲೇ ಕಂಡು ನೀರು ಸುರಿದು ತಣಿಸಬಲ್ಲರು. ಕೆಳಗಿನ ಸಾಮಾನು ಕೋಣೆಯೊಳಗೆ ಹಾರಾಟದ ನಡುವೆ ಯಾರೂ ಹೋಗಲಾರರು. ಆದಕಾರಣ ಕಳಚಲು ಬರುವಂತೆ ಮಾಡಿರುವ ಲಿಥಿಯಮ್ ಬ್ಯಾಟರಿಯನ್ನು ಸ್ಕೂಟರಿನಿಂದ ತೆಗೆದು, ಅದರ ತುದಿಗಳನ್ನು ಮುಚ್ಚಿ, ಪ್ರಯಾಣಿಕನು ತನ್ನೊಡನೆಯೇ ಇಟ್ಟುಕೊಳ್ಳಬೇಕೆಂಬ ಅಂತಾರಾಷ್ಟ್ರೀಯ ನಿಯಮವಿದೆ. ಸಾಮಾನು ಕೆಳಗೆ, ಅಪಾಯದ ವಸ್ತು ಮೇಲೆ ಎಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಿದರೂ ಕಾರಣವನ್ನು ತಿಳಿದಾಗ ಸರಿಯೆನಿಸುತ್ತದೆ.

ಬ್ಯಾಟರಿ ಎಷ್ಟು ದೊಡ್ಡದಿರಬಹುದೆಂಬುದಕ್ಕೂ ಮಿತಿಯುಂಟು. ಅದನ್ನು ವ್ಯಾಟ್-ಗಂಟೆಯಲ್ಲಿ ಹೇಳುತ್ತಾರೆ. ಬ್ಯಾಟರಿಯ ವೋಲ್ಟುಗಳನ್ನು ಆಂಪೇರ್-ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. ಕಳಚಿದ ಬ್ಯಾಟರಿ ಒಂದೇ ಆಗಿದ್ದರೆ 300 ವ್ಯಾಟ್-ಗಂಟೆಯನ್ನು ಮೀರಬಾರದು. ಎರಡು ಬ್ಯಾಟರಿಗಳಿಂದ ಓಡುವ ಸ್ಕೂಟರಾದರೆ ಒಂದೊಂದೂ 160ನ್ನು ಮೀರಬಾರದು. ಅಜ್ಜಿಯ ಸ್ಕೂಟರಿನ ಬ್ಯಾಟರಿಯ ಮೇಲೆ 24 ವೋಲ್ಟ್, 10 ಆಂಪೇರ್-ಗಂಟೆ ಎಂದಿದ್ದರೆ ಗುಣಲಬ್ಧ 240, ಅಡ್ಡಿಯಿಲ್ಲ. 24 ವೋಲ್ಟ್, 20 ಆಂಪೇರ್-ಗಂಟೆ ಎಂದಿದ್ದರೆ 480. ಕಳಚಿ ಕೈಯಲ್ಲಿ ಒಯ್ಯಲು ಒಪ್ಪಿಗೆ ದೊರೆಯದು. ಹೆಚ್ಚು ದೂರ ಓಡುವ ಸ್ಕೂಟರ್ ಒಳ್ಳೆಯದೆಂದು ದೊಡ್ಡ ಬ್ಯಾಟರಿಯನ್ನು ಕೊಂಡವರು ನಿಲ್ದಾಣದಲ್ಲಿ ಪೇಚಿಗೆ ಸಿಲುಕುವುದು ಇಲ್ಲಿಯೇ. ಒಂಬತ್ತನೆಯ ತರಗತಿಯ ಬಾಲಕನೂ ಮಾಡಬಹುದಾದ ಈ ಗುಣಾಕಾರವನ್ನು ಅಂಗಡಿಯಲ್ಲಿಯೇ ಮಾಡಿದರೆ ಸಾವಿರಾರು ರೂಪಾಯಿಗಳೂ ಒಂದು ಪ್ರಯಾಣವೂ ಉಳಿಯುತ್ತವೆ. ಸ್ಕೂಟರಿನಿಂದ ಬೇರ್ಪಡಿಸಲಾಗದಂತೆ ಭದ್ರವಾಗಿ ಜೋಡಿಸಿರುವ ಬ್ಯಾಟರಿಗೆ ನಿಯಮ ಬೇರೆ. ಅದು ಸ್ಕೂಟರಿನೊಡನೆ ಕೆಳಗಿನ ಕೋಣೆಗೆ ಹೋಗುತ್ತದೆ. ತಾನಾಗಿ ಚಾಲೂ ಆಗದಂತೆ ಅದರ ಸಂಪರ್ಕವನ್ನು ತಪ್ಪಿಸಿರಬೇಕು.

ಹಳೆಯ ಬಗೆಯ ಸೀಸ-ಆಮ್ಲದ ಬ್ಯಾಟರಿಗಳಲ್ಲಿಯೂ ಎರಡು ವಿಧ. ಆಮ್ಲವು ಚೆಲ್ಲದಂತೆ ಮುದ್ರೆ ಹಾಕಿದವುಗಳನ್ನು ಸ್ಕೂಟರಿನಲ್ಲಿಯೇ ಬಿಟ್ಟು ಸಾಗಿಸಬಹುದು. ಆಮ್ಲ ಚೆಲ್ಲಬಹುದಾದ ಬ್ಯಾಟರಿಯಾದರೆ ಸ್ಕೂಟರನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಹಾಗೆ ನಿಲ್ಲಿಸಲು ಸ್ಥಳವಿಲ್ಲದಿದ್ದರೆ ಬ್ಯಾಟರಿಯನ್ನು ತೆಗೆದು ಸೋರದ ಪೆಟ್ಟಿಗೆಯಲ್ಲಿ ಇಡಬೇಕು. ಯಾವ ಬಗೆಯದಾದರೂ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಬೇಕು. ಬ್ಯಾಟರಿಯ ವಾಹನವು ವಿಮಾನದ ಯಾವ ಭಾಗದಲ್ಲಿದೆಯೆಂಬುದನ್ನು ವಿಮಾನ ಚಾಲಕನಿಗೆ ತಿಳಿಸಬೇಕೆಂಬ ಕಟ್ಟಳೆಯೂ ಇದೆ. ಪ್ರಸಂಗವಶಾತ್ ಹೇಳಬಹುದಾದ ಮಾತೊಂದುಂಟು: ಹುಕ್ಕೇರಿ ತಾಲ್ಲೂಕಿನಲ್ಲಿ ಇಂತಹ ಬ್ಯಾಟರಿಗೆ ಮನೆಯಲ್ಲಿ ವಿದ್ಯುತ್ತು ತುಂಬುವುದು 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ತಂತಿಗಳಿಂದ. ವಿದ್ಯುತ್ತನ್ನು ಸಹಕಾರ ತತ್ತ್ವದ ಮೇಲೆ ಹಂಚುವ ಸಂಘಗಳು ದೇಶದಲ್ಲಿಯೇ ವಿರಳ.

ಬ್ಯಾಟರಿಯ ಅನಂತರದ ಪ್ರಶ್ನೆ ಗಾತ್ರದ್ದು. ಬೋಯಿಂಗ್ 737 ವಿಮಾನದ ಸಾಮಾನು ಕೋಣೆಯ ಬಾಗಿಲು 85ರಿಂದ 90 ಸೆಂಟಿಮೀಟರಿನಷ್ಟು ಮಾತ್ರ ಎತ್ತರವಾಗಿದೆ. ಏರ್‌ಬಸ್ 320ರಲ್ಲಿ ಅದು ಸುಮಾರು 120 ಸೆಂಟಿಮೀಟರ್. ಬೆಳಗಾವಿಯಂತಹ ನಗರಗಳಿಗೆ ಹಾರುವ ಚಿಕ್ಕ ವಿಮಾನಗಳಲ್ಲಿ ಸ್ಥಳವು ಇನ್ನೂ ಕಿರಿದು. ಆಸನದ ಬೆನ್ನು ಮಡಚದ ಸ್ಕೂಟರ್ ಒಂದು ವಿಮಾನದಲ್ಲಿ ಹಿಡಿಸಿ, ಮುಂದಿನ ನಗರದಲ್ಲಿ ಬದಲಿಸಿದ ಮತ್ತೊಂದು ವಿಮಾನದಲ್ಲಿ ಹಿಡಿಸದೆ ಹೋಗಬಹುದು. ಆದ್ದರಿಂದ ಸ್ಕೂಟರಿನ ಉದ್ದ, ಅಗಲ, ಎತ್ತರ, ತೂಕ, ಬ್ಯಾಟರಿಯ ಬಗೆ ಇವೆಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ಹೊರಡುವುದಕ್ಕೆ 48 ಗಂಟೆಗಳಿಗೆ ಮೊದಲೇ ಸಂಸ್ಥೆಗೆ ತಿಳಿಸಬೇಕು.

ವಿಮಾನದೊಳಗಿನ ಓಣಿಯ ಅಗಲ ಸಾಮಾನ್ಯವಾಗಿ ಅರ್ಧ ಮೀಟರಿಗಿಂತ ಹೆಚ್ಚಿರುವುದಿಲ್ಲ. ಸಾಧಾರಣ ಗಾಲಿಕುರ್ಚಿಯೂ ಅದರಲ್ಲಿ ತೂರದು. ಹೀಗಾಗಿ ಪ್ರಯಾಣಿಕನು ಬಾಗಿಲ ಬಳಿ ತನ್ನ ವಾಹನವನ್ನು ಬಿಟ್ಟು, ಕಿರಿದಾದ ಓಣಿಕುರ್ಚಿಗೆ ಬದಲಾಗಬೇಕು. ಬಾಗಿಲವರೆಗೆ ಏರುವುದು ಹೇಗೆ? ದೊಡ್ಡ ನಿಲ್ದಾಣಗಳಲ್ಲಿ ಕಟ್ಟಡದಿಂದ ವಿಮಾನಕ್ಕೆ ಚಾಚುವ ಸೇತುವೆಯಿರುತ್ತದೆ. ಅದಿಲ್ಲದ ಕಡೆ ಕುರ್ಚಿಯನ್ನು ಇಬ್ಬರು ಎತ್ತಿಕೊಂಡು ಏಣಿ ಹತ್ತುವುದು ಬಹುಕಾಲ ನಡೆದುಬಂದ ಪದ್ಧತಿ. ಎತ್ತುವವರ ಕಾಲು ಜಾರಿದರೆ ಏನಾಗುವುದೆಂಬ ಭಯ ಒಂದು ಕಡೆ. ನೂರು ಜನರ ಕಣ್ಣೆದುರಿಗೆ ಮೂಟೆಯಂತೆ ಹೊರಿಸಿಕೊಳ್ಳುವ ಸಂಕೋಚ ಇನ್ನೊಂದು ಕಡೆ. ಎರಡನೆಯ ನೋವು ಹೆಚ್ಚಿನದೆಂದು ಅನುಭವಿಸಿದವರೇ ಬಲ್ಲರು. ಇದರ ಪರಿಹಾರಕ್ಕಾಗಿ ‘ಆಂಬುಲಿಫ್ಟ್’ ಎಂಬ ವಾಹನವಿದೆ. ಪೆಟ್ಟಿಗೆಯಂತಹ ಕೋಣೆಯೊಂದು ಗಾಲಿಕುರ್ಚಿಗಳ ಸಹಿತ ಮೇಲಕ್ಕೆ ಎದ್ದು ವಿಮಾನದ ಬಾಗಿಲಿಗೆ ಹೊಂದಿಕೊಳ್ಳುತ್ತದೆ. ಭಾರತ ವಿಮಾನ ನಿಲ್ದಾಣ ಪ್ರಾಧಿಕಾರವು ದೇಶದಲ್ಲಿಯೇ ತಯಾರಾದ 20 ಆಂಬುಲಿಫ್ಟುಗಳನ್ನು ಸೇತುವೆಯಿಲ್ಲದ ನಿಲ್ದಾಣಗಳಿಗಾಗಿ ಕೊಂಡಿತು. 2021ರ ವೇಳೆಗೆ ಅವುಗಳನ್ನು ಬಳಸತೊಡಗಿದ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಹುಬ್ಬಳ್ಳಿಗಳೂ ಸೇರಿದ್ದವು. ಒಂದು ಸಲಕ್ಕೆ ಆರು ಗಾಲಿಕುರ್ಚಿಗಳನ್ನೂ ಎರಡು ರೋಗಿಶಯ್ಯೆಗಳನ್ನೂ ಒಬ್ಬ ಸಹಾಯಕನೊಡನೆ ಮೇಲೇರಿಸುವ ಶಕ್ತಿ ಅದಕ್ಕಿದೆ.

ಬಾಗಿಲಲ್ಲಿ ಬಿಟ್ಟ ಸ್ಕೂಟರ್ ಈಗ ಅಪರಿಚಿತರ ಕೈಗೆ ಸೇರುತ್ತದೆ. ಪೆಟ್ಟಿಗೆ ಕಳೆದುಹೋದರೆ ಬಟ್ಟೆಯಿಲ್ಲದೆ ಒಂದು ದಿನ ಕಳೆಯಬಹುದು. ಸ್ಕೂಟರ್ ಮುರಿದರೆ ಪ್ರಯಾಣಿಕನು ಕಾಲುಗಳನ್ನೇ ಕಳೆದುಕೊಂಡು ಊರು ಸೇರಿದಂತೆ. ಅಮೆರಿಕದಲ್ಲಿ ದೊಡ್ಡ ವಿಮಾನ ಸಂಸ್ಥೆಗಳು ಈ ಬಗೆಯ ಹಾನಿಯ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುತ್ತವೆ. ಅಲ್ಲಿ ಸಾಗಿಸಿದ ಗಾಲಿಕುರ್ಚಿ ಮತ್ತು ಸ್ಕೂಟರುಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಕೆಡುವುದೋ ತಡವಾಗುವುದೋ ಉಂಟು. ಹಾನಿಗೆ ಬಹುಮಟ್ಟಿಗೆ ಕಾರಣ ದುರುದ್ದೇಶವಲ್ಲ, ಅಜ್ಞಾನ. ಗಾಲಿಗಳ ತಡೆಯನ್ನು ಬಿಡಿಸುವ ಸನ್ನೆ ಎಲ್ಲಿದೆಯೆಂದು ತಿಳಿಯದ ಕೆಲಸಗಾರನು ಸ್ಕೂಟರನ್ನು ಹಿಡಿಕೆಯಿಂದಲೇ ಎಳೆಯುತ್ತಾನೆ, ಹಿಡಿಕೆ ಮುರಿಯುತ್ತದೆ. ತಿಳಿದ ಪ್ರಯಾಣಿಕರು ಎಲ್ಲಿ ಹಿಡಿದು ಎತ್ತಬೇಕು, ಎಲ್ಲಿ ಮಡಚಬೇಕು ಎಂಬುದನ್ನು ಚಿತ್ರದೊಡನೆ ಬರೆದು ಆಸನಕ್ಕೆ ಅಂಟಿಸುತ್ತಾರೆ. ಬೀಗದ ಕೈಯನ್ನೂ ಕಳಚಿ ಬರುವ ಬುಟ್ಟಿ, ಕನ್ನಡಿಗಳನ್ನೂ ತಮ್ಮೊಡನೆ ಇಟ್ಟುಕೊಳ್ಳುತ್ತಾರೆ. ಇಳಿದ ಕೂಡಲೆ, ನಿಲ್ದಾಣವನ್ನು ಬಿಡುವ ಮೊದಲು, ವಾಹನವನ್ನು ಪರೀಕ್ಷಿಸಿ ಹಾನಿಯಿದ್ದರೆ ಬರೆದುಕೊಡುತ್ತಾರೆ. ಹೊರದೇಶದ ಯಾನಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಸಾಮಾನಿನ ನಷ್ಟಪರಿಹಾರಕ್ಕೆ ಒಂದು ಗರಿಷ್ಠ ಮಿತಿಯಿದೆ. ಸ್ಕೂಟರಿನ ಬೆಲೆ ಆ ಮಿತಿಗಿಂತ ಹೆಚ್ಚಾಗಿದ್ದರೆ ಹೊರಡುವಾಗಲೇ ಬೆಲೆಯನ್ನು ಘೋಷಿಸುವ ಅವಕಾಶವನ್ನು ಬಳಸಿಕೊಳ್ಳುವುದು ಲೇಸು.

ನಮ್ಮ ದೇಶದಲ್ಲಿ ವಿಕಲಚೇತನರ ವಿಮಾನಯಾನಕ್ಕೆ ಸಂಬಂಧಿಸಿದ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರೂಪಿಸಿದೆ. ನಿಯಮಗಳಿದ್ದ ಮಾತ್ರಕ್ಕೆ ನಡವಳಿಕೆ ಬದಲಾಗದೆಂಬುದಕ್ಕೆ ಒಂದು ಘಟನೆ ಸಾಕ್ಷಿಯಾಗಿದೆ. ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯೊಡನೆ ಬದುಕುತ್ತಿರುವ ಜೀಜಾ ಘೋಷ್ ಎಂಬ ಕಾರ್ಯಕರ್ತೆ 2012ರ ಫೆಬ್ರವರಿ 19ರಂದು ಕೊಲ್ಕತ್ತದಿಂದ ಗೋವೆಯ ಸಮ್ಮೇಳನವೊಂದಕ್ಕೆ ಹೊರಟಿದ್ದರು. ವಿಮಾನದಲ್ಲಿ ತಮ್ಮ ಆಸನದಲ್ಲಿ ಕುಳಿತ ಮೇಲೆ ಅವರನ್ನು ಇಳಿಯುವಂತೆ ಹೇಳಲಾಯಿತು. ಅವರು ನ್ಯಾಯಾಲಯದ ಮೊರೆಹೊಕ್ಕರು. 2016ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯವು ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ತೀರ್ಪಿತ್ತಿತು. ಘನತೆಯಿಂದ ಪ್ರಯಾಣಿಸುವುದು ಯಾರೋ ತೋರುವ ಕರುಣೆಯಲ್ಲ, ಹಕ್ಕು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಆದರೂ 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ಒಬ್ಬ ವಿಕಲಚೇತನ ಬಾಲಕನಿಗೆ ವಿಮಾನ ಹತ್ತಲು ಬಿಡಲಿಲ್ಲ. ದೇಶದಾದ್ಯಂತ ಆಕ್ಷೇಪವೆದ್ದಿತು. ಆ ಜುಲೈ ತಿಂಗಳಲ್ಲಿ ನಿಯಮವನ್ನು ತಿದ್ದಿ, ವೈಕಲ್ಯದ ಕಾರಣದಿಂದ ಯಾರನ್ನೂ ನಿರಾಕರಿಸಕೂಡದೆಂದೂ, ಪ್ರಯಾಣಿಕನ ಆರೋಗ್ಯದ ಬಗೆಗೆ ಸಂದೇಹವಿದ್ದರೆ ವೈದ್ಯರೇ ಪರೀಕ್ಷಿಸಿ ಅಭಿಪ್ರಾಯ ಹೇಳಬೇಕೆಂದೂ ಸ್ಪಷ್ಟಪಡಿಸಲಾಯಿತು.

ಇಷ್ಟೆಲ್ಲ ಅನುಕೂಲಗಳು ಬರುವುದಕ್ಕೆ ಮೊದಲೂ ಗಾಲಿಕುರ್ಚಿಯೊಡನೆ ಲೋಕವನ್ನು ಸುತ್ತಿದ ಕನ್ನಡತಿಯೊಬ್ಬರಿದ್ದಾರೆ. ಎಳೆಯ ಮಗುವಾಗಿದ್ದಾಗಲೇ ಪೋಲಿಯೋಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು 1988ರಲ್ಲಿ ಸೋಲ್, 1992ರಲ್ಲಿ ಬಾರ್ಸಿಲೋನ, 2004ರಲ್ಲಿ ಅಥೆನ್ಸ್, 2008ರಲ್ಲಿ ಬೀಜಿಂಗ್ ನಗರಗಳ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಭಾಗವಹಿಸಿದರು. 2001ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ಓಟದ ಅಂಕಣವನ್ನು ಮುಟ್ಟುವ ಮೊದಲು ಅವರು ದಾಟಿದ ವಿಮಾನದ ಏಣಿಗಳನ್ನು ಯಾರೂ ಎಣಿಸಿಲ್ಲ.

ಹಡಗಿನ ವಿಷಯ ಬೇರೆ. ವಿಮಾನದಲ್ಲಿ ಸ್ಕೂಟರ್ ಸಾಮಾನಾಗಿ ಹೋದರೆ, ವಿಹಾರದ ಹಡಗಿನಲ್ಲಿ ಅದು ಪ್ರಯಾಣಿಕನ ಜೊತೆಯಲ್ಲಿಯೇ ಇರುತ್ತದೆ. ಊಟದ ಮನೆ, ಮೇಲಟ್ಟ, ನಾಟಕಶಾಲೆ ಎಲ್ಲಕ್ಕೂ ಅದರ ಮೇಲೆಯೇ ಓಡಾಡಬಹುದು. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಊರಿಂದೂರಿಗೆ ಮತ್ತೆ ಕಟ್ಟುವ ತೊಡಕಿಲ್ಲ. ಈ ಕಾರಣದಿಂದಲೇ ಪಾಶ್ಚಾತ್ಯ ದೇಶಗಳ ವೃದ್ಧರು ಹಡಗಿನ ಪ್ರವಾಸವನ್ನು ಮೆಚ್ಚುತ್ತಾರೆ. ಗೋಕಾಕ, ಹುಕ್ಕೇರಿಗಳಿಗೆ ಸಮುದ್ರವು ಸಹ್ಯಾದ್ರಿಯ ಆಚೆಗಿದ್ದರೂ ಅಪರಿಚಿತವೇನಲ್ಲ. ಸಂಕೇಶ್ವರದ ಮೂಲಕ ಹಾದುಹೋಗುವ ಹೆದ್ದಾರಿ ಪುಣೆಯತ್ತ ಸಾಗುತ್ತದೆ. ಅಲ್ಲಿಂದ ಮುಂಬಯಿ ಬಂದರು ದೂರವಲ್ಲ. ಗೋವೆಯ ಮುರಗಾಂವ ಬಂದರು ಇನ್ನೂ ಹತ್ತಿರ. 2021ರ ಸೆಪ್ಟೆಂಬರಿನಿಂದ ಭಾರತೀಯ ಸಂಸ್ಥೆಯೊಂದರ ವಿಹಾರದ ಹಡಗು ಮುಂಬಯಿಯಿಂದ ಸಂಚಾರ ಆರಂಭಿಸಿತು. ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಗಳ ಪ್ರವಾಸಿ ಹಡಗುಗಳು ಬಂದುಹೋಗುತ್ತವೆ.

ಹಡಗಿನಲ್ಲಿ ಮೊದಲು ವಿಚಾರಿಸಬೇಕಾದುದು ಕೋಣೆಯ ಬಾಗಿಲಿನ ಅಗಲ. ಸಾಧಾರಣ ಕೋಣೆಯ ಬಾಗಿಲು 60 ಸೆಂಟಿಮೀಟರಿನ ಆಸುಪಾಸು. ಗಾಲಿಗಳಿಗೆಂದು ಕಟ್ಟಿದ ಕೋಣೆಯದು 80 ಸೆಂಟಿಮೀಟರಿನಷ್ಟು. ಇಂತಹ ಕೋಣೆಗಳು ಪ್ರತಿ ಹಡಗಿನಲ್ಲಿಯೂ ಕೆಲವೇ ಇರುವುದರಿಂದ ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಕೋಣೆಯೊಳಗೆ ಹಿಡಿಸದ ಸ್ಕೂಟರನ್ನು ಹೊರಗಿನ ಓಣಿಯಲ್ಲಿ ನಿಲ್ಲಿಸಲು ಬಿಡುವುದಿಲ್ಲ. ಬೆಂಕಿಯ ಅವಘಡವಾದಾಗ ಜನರು ಓಡಬೇಕಾದ ದಾರಿ ಅದೇ.

ಹಡಗಿಗೂ ದಕ್ಕೆಗೂ ನಡುವೆ ಹಾಸುವ ಏರುಹಲಗೆ ಮತ್ತೊಂದು ಸಮಸ್ಯೆ. ಗಾಲಿಕುರ್ಚಿಗೆ ಯೋಗ್ಯವಾದ ಇಳಿಜಾರು ಹನ್ನೆರಡಕ್ಕೆ ಒಂದು, ಅಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದದ ಹಲಗೆ ಬೇಕು. ದಕ್ಕೆ ಸ್ಥಿರವಾಗಿದ್ದರೂ ಹಡಗು ನೀರಿನೊಡನೆ ಏಳುತ್ತದೆ, ಇಳಿಯುತ್ತದೆ. ಮುಂಬಯಿಯಲ್ಲಿ ಭರತ ಇಳಿತಗಳ ಅಂತರ ಕೆಲವು ದಿನಗಳಲ್ಲಿ ನಾಲ್ಕು ಮೀಟರನ್ನೂ ಮೀರುತ್ತದೆ. ಮಂಗಳೂರಿನಲ್ಲಿ ಅದು ಬಹಳ ಕಡಿಮೆ. ಮುಂಜಾನೆ ಸಮತಟ್ಟಾಗಿದ್ದ 18 ಮೀಟರಿನ ಹಲಗೆ ಮಧ್ಯಾಹ್ನ ಮೂರು ಮೀಟರ್ ಏರಿಕೆಯಲ್ಲಿ ನಿಂತರೆ ಇಳಿಜಾರು ಆರಕ್ಕೆ ಒಂದಾಗುತ್ತದೆ, ಯೋಗ್ಯವಾದುದರ ಎರಡರಷ್ಟು. ಅಂತಹ ಹಲಗೆಯ ಮೇಲೆ ಸ್ಕೂಟರ್ ಹಿಂದಕ್ಕೆ ಮಗುಚುವ ಅಪಾಯವಿದೆ. ಆ ಹೊತ್ತಿನಲ್ಲಿ ಹತ್ತದೆ ಕಾಯುವುದು, ಇಲ್ಲವೆ ಸಿಬ್ಬಂದಿಯ ನೆರವನ್ನು ಪಡೆಯುವುದೇ ಸರಿ.

ಎಲ್ಲ ಬಂದರುಗಳಲ್ಲಿಯೂ ದೊಡ್ಡ ಹಡಗು ದಕ್ಕೆಗೆ ಹತ್ತುವುದಿಲ್ಲ. ಗ್ರೀಸಿನ ಸ್ಯಾಂಟೊರೀನಿ ದ್ವೀಪದಲ್ಲಿಯೂ ನಮ್ಮ ಲಕ್ಷದ್ವೀಪದ ಹಲವು ದ್ವೀಪಗಳಲ್ಲಿಯೂ ಹಡಗು ಸಮುದ್ರದಲ್ಲಿಯೇ ಲಂಗರು ಹಾಕುತ್ತದೆ. ಪ್ರಯಾಣಿಕರು ಓಲಾಡುವ ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗುತ್ತಾರೆ. ಸ್ಕೂಟರನ್ನು ಆ ದೋಣಿಗೆ ಇಳಿಸುವುದಕ್ಕೆ ಸಾಮಾನ್ಯವಾಗಿ ಒಪ್ಪಿಗೆಯಿರುವುದಿಲ್ಲ. ಹಣ ಕೊಟ್ಟು ಸಾವಿರಾರು ಮೈಲಿ ಬಂದವನು ದ್ವೀಪವನ್ನು ಹಡಗಿನ ಕಟಕಟೆಯಿಂದ ನೋಡಿ ತೃಪ್ತನಾಗಬೇಕು. ಯಾವ ಬಂದರಿನಲ್ಲಿ ದಕ್ಕೆ, ಯಾವ ಬಂದರಿನಲ್ಲಿ ದೋಣಿ ಎಂಬುದನ್ನು ಟಿಕೆಟು ಕೊಳ್ಳುವ ಮೊದಲೇ ಕೇಳಿ ತಿಳಿಯಬಹುದು, ಕೇಳುವವರು ಕಡಿಮೆ. ಅಮೆರಿಕದ ಬಂದರುಗಳಿಗೆ ಬರುವ ವಿದೇಶೀ ಹಡಗುಗಳಿಗೂ ಆ ದೇಶದ ವಿಕಲಚೇತನರ ಕಾಯಿದೆ ಅನ್ವಯಿಸುತ್ತದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪು ನೀಡಿದ ಬಳಿಕ ಹಡಗುಗಳ ರಚನೆಗೂ ಈ ಪ್ರಶ್ನೆಗಳಿಗೂ ಇರುವ ಸಂಬಂಧ ಹೆಚ್ಚು ಚರ್ಚೆಗೆ ಬಂದಿತು.

ಹಡಗು ಹೊರಡುವ ವೇಳೆಗೆ ಎಲ್ಲ ಪ್ರಯಾಣಿಕರನ್ನೂ ಸೇರಿಸಿ, ಅಪಾಯದ ಗಂಟೆ ಬಾರಿಸಿದಾಗ ಎಲ್ಲಿಗೆ ಬರಬೇಕೆಂಬುದನ್ನು ತಿಳಿಸುತ್ತಾರೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದ ಮೇಲೆ ಈ ನಿಯಮವು ಇನ್ನಷ್ಟು ಬಿಗಿಯಾಯಿತು. ಗಾಲಿಗಳನ್ನು ಅವಲಂಬಿಸಿದವರು ಅಂದೇ ತಮ್ಮ ಹೆಸರನ್ನೂ ಕೋಣೆಯ ಸಂಖ್ಯೆಯನ್ನೂ ಬರೆಸಬೇಕು. ಅಪಾಯಕಾಲದಲ್ಲಿ ಮೇಲೆ ಕೆಳಗೆ ಒಯ್ಯುವ ಲಿಫ್ಟುಗಳನ್ನು ನಂಬುವಂತಿಲ್ಲ. ಇರುವುದು ಮೆಟ್ಟಿಲುಗಳು ಮಾತ್ರ. ಮೆಟ್ಟಿಲುಗಳ ಮೇಲೆ ಸಾಗಿಸಬಲ್ಲ ವಿಶೇಷ ಕುರ್ಚಿಯನ್ನು ಹಿಡಿದು ಆ ಕೋಣೆಗೆ ಹೋಗಬೇಕಾದ ಸಿಬ್ಬಂದಿ ಯಾರೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಅವರು ಪ್ರಯಾಣಿಕನನ್ನು ಜೀವರಕ್ಷಕ ದೋಣಿಯ ಬಳಿಗೆ ತರುತ್ತಾರೆ. ಸ್ಕೂಟರ್ ಕೋಣೆಯಲ್ಲಿಯೇ ಉಳಿಯುತ್ತದೆ.